ಎಲ್ಫ್ ಪದಗಳ ಮೂಲ ಹುಡುಕಲು ಯಾವ ಆಕರ? ಟೋಲ್ಕಿನ್ ಭಾಷೆಗಳ ಪದಕೋಶಗಳ ಹೋಲಿಕೆ

ಟೋಲ್ಕಿನ್ ಅವರ ಕಾದಂಬರಿಗಳನ್ನು ಓದಿ ಮುಗಿಸಿದವರಲ್ಲಿ ಹಲವರಿಗೆ ಕಥೆಯ ಗುಂಗು ಇಳಿದ ಮೇಲೂ ಅಲ್ಲಿನ ಹೆಸರುಗಳು ಮನಸ್ಸಿನಲ್ಲಿ ಉಳಿದುಕೊಳ್ಳುತ್ತವೆ. ಮಿನಾಸ್ ತಿರಿಥ್, ಪಲಂತೀರ್, ಮೋರಿಯಾ, ಗಲಾದ್ರಿಯೆಲ್ ಮುಂತಾದ ಹೆಸರುಗಳ ಹಿಂದೆ ಧಾತುಗಳಿವೆ, ಧಾತುವಿನಿಂದ ಪದ ಹುಟ್ಟುವ ನಿಯಮಗಳಿವೆ, ಒಂದೇ ಧಾತು ಎರಡು ಭಾಷೆಗಳಲ್ಲಿ ಎರಡು ರೂಪ ತಳೆದ ಇತಿಹಾಸವಿದೆ ಎಂದು ಗೊತ್ತಾದ ಕೂಡಲೇ ಓದುಗರು ಹುಡುಕಾಟಕ್ಕೆ ತೊಡಗುತ್ತಾರೆ. ತೊಡಗಿದ ಸ್ವಲ್ಪ ಹೊತ್ತಿಗೇ ಗೊಂದಲಕ್ಕೂ ಬೀಳುತ್ತಾರೆ. ಒಂದು ಕಡೆ ಗಲಾದ್ರಿಯೆಲ್ ಎಂದರೆ ವೃಕ್ಷಗಳ ಒಡತಿ ಎಂದಿರುತ್ತದೆ, ಇನ್ನೊಂದು ಕಡೆ ಕಾಂತಿಯ ಮಾಲೆ ಮುಡಿದ ಕನ್ಯೆ ಎಂದಿರುತ್ತದೆ. ಯಾವುದನ್ನು ನಂಬಬೇಕು, ಯಾವ ಪುಸ್ತಕ ಕೊಳ್ಳಬೇಕು, ಪುಕ್ಕಟೆ ಸಿಗುವ ಜಾಲತಾಣಗಳೇ ಸಾಕೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವರಿಗಾಗಿ ಈ ಹೋಲಿಕೆ.

ಅಳೆಯುವ ಮಾನದಂಡಗಳು

ಆಕರಗಳನ್ನು ತೂಗುವ ಮೊದಲು ಈ ಭಾಷೆಗಳ ಒಂದು ಸ್ವಭಾವವನ್ನು ಅರಿತಿರಬೇಕು. ಟೋಲ್ಕಿನ್ ತಮ್ಮ ಕಥೆಗಳಲ್ಲಿ ಬರುವ ಎಲ್ಫ್ ಎಂಬ ಜನಾಂಗಕ್ಕಾಗಿ ಕಟ್ಟಿದ ಕ್ವೆನ್ಯಾ ಭಾಷೆಯ ಮೊದಲ ಪದಕೋಶವನ್ನು 1915ರ ಸುಮಾರಿಗೆ ಆರಂಭಿಸಿದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಫಿನ್ನಿಷ್ ಭಾಷೆಯ ವ್ಯಾಕರಣಕ್ಕೆ ಮನಸೋತಿದ್ದ ಕಾಲ. ವೆಲ್ಶ್ ಭಾಷೆಯ ಧ್ವನಿಗಳನ್ನು ಮಾದರಿಯಾಗಿಟ್ಟುಕೊಂಡ ಎರಡನೆಯ ಎಲ್ಫ್ ಭಾಷೆಯ ಕೋಶವೂ ಅದರ ಬೆನ್ನಿಗೇ ಬಂತು. ಈ ಎರಡನೆಯ ಭಾಷೆ ಮೊದಲು ಗೋಲ್ಡೊಗ್ರಿನ್ ಎನಿಸಿಕೊಂಡು, ಮುಂದೆ ನೋಲ್ಡೊರಿನ್ ಆಗಿ, 1950ರ ಆಸುಪಾಸಿನಲ್ಲಿ ಸಿಂದಾರಿನ್ ಎಂಬ ಹೆಸರು ಪಡೆಯಿತು. ಹೆಸರಿನ ಜೊತೆಗೆ ಅದನ್ನು ಆಡುವ ಜನಾಂಗವೂ ಬದಲಾಯಿತು. ಟೋಲ್ಕಿನ್ 1973ರಲ್ಲಿ ತೀರಿಕೊಳ್ಳುವವರೆಗೂ ತಿದ್ದುವುದನ್ನು ನಿಲ್ಲಿಸಲಿಲ್ಲ. ಆದ್ದರಿಂದ ಒಂದು ಪದದ ಮೂಲ ಯಾವುದು ಎಂಬ ಪ್ರಶ್ನೆಗೆ 1917ರಲ್ಲಿ ಒಂದು ಉತ್ತರ, 1937ರಲ್ಲಿ ಇನ್ನೊಂದು, 1968ರಲ್ಲಿ ಮತ್ತೊಂದು ಇರಬಹುದು, ಮತ್ತು ಮೂರೂ ಅವರ ಕೈಬರಹದಲ್ಲಿಯೇ ಇರಬಹುದು.

ಇದರಿಂದ ಮೊದಲ ಮಾನದಂಡ ತಾನಾಗಿ ಹೊರಡುತ್ತದೆ: ಆಕರವು ಪದದ ಕಾಲವನ್ನು ಹೇಳಬೇಕು. ಎರಡನೆಯದು, ಪದ ಟೋಲ್ಕಿನ್ ಬರೆದದ್ದೇ ಅಥವಾ ಅಭಿಮಾನಿಗಳು ನಿಯಮಗಳನ್ನು ಅನುಸರಿಸಿ ಕಟ್ಟಿದ್ದೇ ಎಂಬುದನ್ನು ಮುಚ್ಚಿಡದೆ ತಿಳಿಸಬೇಕು. ಮೂರನೆಯದು, ಬರಿಯ ಅರ್ಥಕ್ಕೆ ನಿಲ್ಲದೆ ಧಾತುವನ್ನೂ ಅದರ ಜ್ಞಾತಿಪದಗಳನ್ನೂ ಧ್ವನಿ ಬದಲಾದ ದಾರಿಯನ್ನೂ ಎಷ್ಟರಮಟ್ಟಿಗೆ ತೋರಿಸುತ್ತದೆ ಎಂಬುದು. ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ. ಪ್ರತಿ ಪದಕ್ಕೂ ಕಥೆಯ ಲೋಕದೊಳಗಿನ ಒಂದು ಮೂಲ ಇರುವಂತೆ, ಲೇಖಕರ ಓದಿನಿಂದಲೋ ನೆನಪಿನಿಂದಲೋ ಬಂದ ಹೊರಗಿನ ಒಂದು ಮೂಲವೂ ಇರಬಹುದು. ಆಕರವು ಎರಡನ್ನೂ ಬೆರೆಸದೆ ಬೇರೆಯಾಗಿಡಬೇಕು. ಬೆಲೆ ಮತ್ತು ಓದುವ ಸುಲಭತೆ ಇವುಗಳ ನಂತರದ ಮಾತು, ಆದರೆ ನಮ್ಮಲ್ಲಿ ಅನೇಕರ ಆಯ್ಕೆಯನ್ನು ನಿಜವಾಗಿ ನಿರ್ಧರಿಸುವುದು ಅವೇ.

ಈಗಾಗಲೇ ಕಪಾಟಿನಲ್ಲಿರುವ ಪುಸ್ತಕಗಳು

1954 ಮತ್ತು 1955ರಲ್ಲಿ ಬಂದ 'ದ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯ ಕೊನೆಯ ಅನುಬಂಧಗಳಲ್ಲಿ ಉಚ್ಚಾರಣೆಯ ನಿಯಮಗಳೂ ಭಾಷೆಗಳ ಪರಿಚಯವೂ ಇವೆ. ಪದಮೂಲ ಅಲ್ಲಲ್ಲಿ ಮಾತ್ರ ಸಿಗುತ್ತದೆ. ಹೆಚ್ಚು ಉಪಯುಕ್ತವಾದದ್ದು 1977ರಲ್ಲಿ ಕ್ರಿಸ್ಟೋಫರ್ ಟೋಲ್ಕಿನ್ ತಂದೆಯ ಹಸ್ತಪ್ರತಿಗಳಿಂದ ಸಂಪಾದಿಸಿದ 'ದ ಸಿಲ್ಮರಿಲಿಯನ್'. ಅದರ ಕೊನೆಯಲ್ಲಿ ಕ್ವೆನ್ಯಾ ಮತ್ತು ಸಿಂದಾರಿನ್ ಹೆಸರುಗಳ ಘಟಕಗಳನ್ನು ಅಕಾರಾದಿಯಾಗಿ ಬಿಡಿಸಿದ ಚಿಕ್ಕ ಅನುಬಂಧವಿದೆ. ಗಲಾದ್ರಿಯೆಲ್‌ನ ತಕರಾರು ಅಲ್ಲಿಯೇ ತೀರುತ್ತದೆ: ಹೆಸರಿನ ಮೊದಲ ಭಾಗ ಕಾಂತಿ ಎಂಬ ಅರ್ಥದ 'ಗಲದ್', ಎರಡನೆಯದು ಮಾಲೆ ಮುಡಿದ ಕನ್ಯೆ ಎಂಬ ಅರ್ಥದ 'ರಿಯೆಲ್'. ಮರ ಎಂಬ ಅರ್ಥದ 'ಗಲಧ್' ಬೇರೆಯೇ ಪದ. ಕಥೆಯ ಲೋಕದಲ್ಲಿಯೂ ಜನ ಇವೆರಡನ್ನು ಬೆರೆಸಿ ಹೆಸರನ್ನು ಗಲಧ್ರಿಯೆಲ್ ಎಂದು ತಿರುಚುತ್ತಿದ್ದರೆಂದು ಅನುಬಂಧವೇ ಹೇಳುತ್ತದೆ. ಅಂದರೆ ಇಂದಿನ ಓದುಗರ ತಪ್ಪನ್ನು ಲೇಖಕರು ಮೊದಲೇ ಊಹಿಸಿ ಕಥೆಯೊಳಕ್ಕೆ ಸೇರಿಸಿಟ್ಟಿದ್ದಾರೆ. ಕನ್ನಡ ಲಿಪಿಯಲ್ಲಿ ಬರೆಯುವಾಗ ಈ ಎರಡು ಪದಗಳ ನಡುವೆ ದ-ಧ ವ್ಯತ್ಯಾಸವೊಂದೇ ಉಳಿಯುವುದರಿಂದ ನಾವು ಇನ್ನಷ್ಟು ಎಚ್ಚರದಿಂದಿರಬೇಕು. ಸಿಂದಾರಿನ್‌ನ ಈ ಧ್ವನಿ ನಮ್ಮ ಮಹಾಪ್ರಾಣವಲ್ಲ, ಇಂಗ್ಲಿಷಿನ 'ದಿಸ್' ಪದದ ಮೊದಲ ವ್ಯಂಜನದಂಥ ಘರ್ಷಧ್ವನಿ.

ಇದೇ ಅನುಬಂಧ ಎರಡು ಭಾಷೆಗಳ ನಂಟಿನ ಕೀಲಿಯನ್ನೂ ಕೊಡುತ್ತದೆ. ಮೂಲದ 'ಕ್ವ' ಧ್ವನಿ ಕ್ವೆನ್ಯಾದಲ್ಲಿ ಹಾಗೆಯೇ ಉಳಿದರೆ ಸಿಂದಾರಿನ್‌ನಲ್ಲಿ 'ಪ' ಆಗುತ್ತದೆ. ಕ್ವೆನ್ಯಾದ 'ಕ್ವೆತ್ತಾ' ಎಂದರೂ ಸಿಂದಾರಿನ್‌ನ 'ಪೆಥ್' ಎಂದರೂ ಮಾತು ಅಥವಾ ಪದ. ಮೋರಿಯಾದ ಬಾಗಿಲ ಮೇಲೆ ಕೆತ್ತಿದ 'ಪೆದೊ ಮೆಲ್ಲೊನ್' ಎಂಬುದರ 'ಪೆದೊ' ಕೂಡ ಇದೇ ಧಾತುವಿನದು. 'ಪಾಲ್' ಎಂಬುದು 'ಹಾಲು' ಆದುದನ್ನೂ ತಮಿಳಿನಲ್ಲಿ ಅದು 'ಪಾಲ್' ಆಗಿಯೇ ಉಳಿದುದನ್ನೂ ಬಲ್ಲ ಕನ್ನಡಿಗರಿಗೆ ಈ ಬಗೆಯ ನಿಯಮ ಹೊಸದಾಗಿ ತೋರಲಿಕ್ಕಿಲ್ಲ. ಹೆಸರುಗಳ ಅರ್ಥ ತಿಳಿದರೆ ಸಾಕು ಎನ್ನುವವರಿಗೆ ಈ ಒಂದು ಪುಸ್ತಕ ಸಾಕಾಗುತ್ತದೆ, ಅದು ನಮ್ಮ ಪುಸ್ತಕದಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ ಕೂಡ. ಕೊರತೆಯೆಂದರೆ, ಹೆಸರುಗಳಲ್ಲಿ ಬಾರದ ಪದಗಳಿಗೆ ಅಲ್ಲಿ ಹೆಚ್ಚು ಜಾಗವಿಲ್ಲ, ಯಾವ ವಿವರ ಯಾವ ವರ್ಷದ ಟಿಪ್ಪಣಿಯಿಂದ ಬಂತೆಂಬ ಸೂಚನೆಯೂ ಇಲ್ಲ.

ಮುದ್ರಿತ ಕಾದಂಬರಿಯೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಭೇಟಿಯ ಘಳಿಗೆಯ ಮೇಲೆ ನಕ್ಷತ್ರ ಬೆಳಗುತ್ತಿದೆ ಎಂಬ ಪ್ರಸಿದ್ಧ ಕ್ವೆನ್ಯಾ ವಂದನೆಯ ಕೊನೆಯ ಪದ ಮೊದಲ ಆವೃತ್ತಿಯಲ್ಲಿ 'ಒಮೆಂತಿಯೆಲ್ಮೊ' ಎಂದಿತ್ತು. 1960ರ ದಶಕದ ಪರಿಷ್ಕೃತ ಆವೃತ್ತಿಯಲ್ಲಿ ಅದು 'ಒಮೆಂತಿಯೆಲ್ವೊ' ಆಯಿತು. ಕೇಳುಗನನ್ನೂ ಒಳಗೊಂಡ 'ನಮ್ಮ' ಮತ್ತು ಕೇಳುಗನನ್ನು ಬಿಟ್ಟ 'ನಮ್ಮ' ಎಂಬ ಭೇದವನ್ನು ಟೋಲ್ಕಿನ್ ಮರುಚಿಂತಿಸಿದ್ದೇ ಇದಕ್ಕೆ ಕಾರಣ. ತೆಲುಗಿನ 'ಮನಮು' ಮತ್ತು 'ಮೇಮು', ತಮಿಳಿನ 'ನಾಮ್' ಮತ್ತು 'ನಾಂಗಳ್' ಗೊತ್ತಿರುವವರಿಗೆ ಈ ಭೇದ ತಕ್ಷಣ ಹಿಡಿಸುತ್ತದೆ.

ಧಾತುಗಳ ಕೋಶ: 'ದ ಎಟಿಮಾಲಜೀಸ್'

ಪದಮೂಲವೇ ಮುಖ್ಯ ಎನ್ನುವವರಿಗೆ ಇದರಷ್ಟು ಹತ್ತಿರದ ಆಕರ ಇನ್ನೊಂದಿಲ್ಲ. 1937ರ ಸುಮಾರಿಗೆ ಟೋಲ್ಕಿನ್ ತಮ್ಮ ಬಳಕೆಗಾಗಿ ಬರೆಯಲು ಹಿಡಿದ ಈ ಕೋಶ, ಹನ್ನೆರಡು ಸಂಪುಟಗಳ 'ದ ಹಿಸ್ಟರಿ ಆಫ್ ಮಿಡಲ್-ಅರ್ಥ್' ಮಾಲೆಯ ಐದನೆಯದಾದ 'ದ ಲಾಸ್ಟ್ ರೋಡ್' ಸಂಪುಟದಲ್ಲಿ 1987ರಲ್ಲಿ ಅಚ್ಚಾಯಿತು. ಇಲ್ಲಿ ನಮೂದುಗಳು ಪದಗಳ ಕ್ರಮದಲ್ಲಿಲ್ಲ, ಧಾತುಗಳ ಕ್ರಮದಲ್ಲಿವೆ. ಒಂದು ಧಾತು, ಅದರ ಕೆಳಗೆ ಕ್ವೆನ್ಯಾ ರೂಪ, ನೋಲ್ಡೊರಿನ್ ರೂಪ, ಕೆಲವೊಮ್ಮೆ ಇತರ ಎಲ್ಫ್ ಭಾಷೆಗಳ ರೂಪಗಳು. 1961ರಲ್ಲಿ ಬರೋ ಮತ್ತು ಎಮೆನೊ ಹೊರತಂದ ದ್ರಾವಿಡ ವ್ಯುತ್ಪತ್ತಿಕೋಶವನ್ನು ತಿರುವಿದವರಿಗೆ ಒಂದು ತಲೆಯಡಿ ಸೋದರ ಭಾಷೆಗಳ ರೂಪಗಳನ್ನು ಸಾಲಾಗಿಡುವ ಈ ವಿನ್ಯಾಸ ಪರಿಚಿತವೆನಿಸುತ್ತದೆ. ಟೋಲ್ಕಿನ್ ಸ್ವತಃ 1919 ಮತ್ತು 1920ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಪದಮೂಲಗಳ ಕೆಲಸ ಮಾಡಿದವರು. ಆ ಕಸುಬಿನ ಅಚ್ಚು ಈ ಕೋಶದ ಮೇಲೆ ಚೆನ್ನಾಗಿ ಬಿದ್ದಿದೆ.

ಉದಾಹರಣೆಗೆ ನೆಕ್ಕು ಎಂಬ ಅರ್ಥದ 'ಲಬ್' ಧಾತುವನ್ನು ನೋಡಬಹುದು. ಅದರಿಂದ ಕ್ವೆನ್ಯಾದಲ್ಲಿ ನಾಲಿಗೆ ಎಂಬ ಅರ್ಥದ 'ಲಂಬೆ' ಹುಟ್ಟುತ್ತದೆ, ನಾಲಿಗೆಯಿಂದ ಭಾಷೆ ಎಂಬ ಅರ್ಥ ಬೆಳೆಯುತ್ತದೆ. ನೋಲ್ಡೊರಿನ್ ರೂಪವಾಗಿ ಅಲ್ಲಿ ಕೊಟ್ಟಿರುವುದು 'ಲ್ಹಮ್'. ಆದರೆ ಕಾದಂಬರಿಯಲ್ಲಿ ಮೋರಿಯಾದ ಬಾಗಿಲ ಮುಂದೆ ಗ್ಯಾಂಡಾಲ್ಫ್ ಆಡುವ ಮಾತಿನಲ್ಲಿ ನನ್ನ ನಾಲಿಗೆಯ ಎಂಬುದಕ್ಕೆ 'ಲಮ್ಮೆನ್' ಎಂದಿದೆ; ಮೊದಲಿನ ಉಸಿರು ಧ್ವನಿ ಮಾಯವಾಗಿದೆ. ಈ ಕೋಶದ ದೊಡ್ಡ ಅಪಾಯ ಇಲ್ಲಿಯೇ ಅಡಗಿದೆ. ಅದು ಸಿಂದಾರಿನ್ ಇನ್ನೂ ನೋಲ್ಡೊರಿನ್ ಆಗಿದ್ದ ಕಾಲದ ಕೋಶ. ಅಲ್ಲಿನ ರೂಪವನ್ನು ಹಾಗೆಯೇ ಎತ್ತಿಕೊಂಡು ಸಿಂದಾರಿನ್ ಎಂದರೆ ತಪ್ಪಾಗಬಹುದು, ಧ್ವನಿನಿಯಮಗಳನ್ನು ಅನ್ವಯಿಸಿ ಹೊಸ ರೂಪ ಮಾಡಿಕೊಂಡರೆ ಅದು ನಮ್ಮ ಊಹೆಯಾಗುತ್ತದೆ. ಜೊತೆಗೆ ಇದು ಲೇಖಕರ ಕೆಲಸದ ಹಾಳೆ. ತಿದ್ದುಪಡಿಯ ಮೇಲೆ ತಿದ್ದುಪಡಿ ಬಿದ್ದಿರುವ ಕೈಬರಹದಲ್ಲಿ ತಪ್ಪಾಗಿ ಓದಿಕೊಂಡ ಪದಗಳೂ ಬಿಟ್ಟುಹೋದ ಟಿಪ್ಪಣಿಗಳೂ ಇದ್ದವು. ಅವನ್ನು ಸರಿಪಡಿಸಿದ ಪಟ್ಟಿ 'ವಿನ್ಯಾರ್ ತೆಂಗ್ವಾರ್' ಪತ್ರಿಕೆಯ 45 ಮತ್ತು 46ನೆಯ ಸಂಚಿಕೆಗಳಲ್ಲಿ, 2003 ಮತ್ತು 2004ರಲ್ಲಿ ಬಂತು. ಆ ಸಂಚಿಕೆಗಳಿಲ್ಲದೆ 1987ರ ಪುಟಗಳನ್ನು ಕೊನೆಯ ಮಾತೆಂದು ಹಿಡಿಯಬಾರದು. ಇಷ್ಟಾದರೂ, ಒಂದೇ ಪುಸ್ತಕಕ್ಕೆ ಹಣವಿದೆ ಮತ್ತು ಧಾತುಗಳ ಆಟವೇ ತನಗೆ ಇಷ್ಟ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ. ಒಂದು ಧಾತುವಿನ ಕೆಳಗೆ ಐದಾರು ಪದಗಳು ಸಾಲಾಗಿ ನಿಂತಿರುವುದನ್ನು ನೋಡುವಾಗ ಇಡೀ ಭಾಷೆಯ ರಚನೆ ತಾನಾಗಿ ತಿಳಿಯತೊಡಗುತ್ತದೆ, ಅಕಾರಾದಿ ಪಟ್ಟಿಯಿಂದ ಅದು ಸಾಧ್ಯವಿಲ್ಲ.

ವಿದ್ವತ್ ಪತ್ರಿಕೆಗಳು

'ಪರ್ಮಾ ಎಲ್ಡಾಲಂಬೆರಾನ್' ಮತ್ತು 'ವಿನ್ಯಾರ್ ತೆಂಗ್ವಾರ್' ಎಂಬ ಎರಡು ಪತ್ರಿಕೆಗಳು ಟೋಲ್ಕಿನ್ ಅವರ ಅಪ್ರಕಟಿತ ಭಾಷಾ ಹಸ್ತಪ್ರತಿಗಳನ್ನು ಸಂಪಾದಿಸಿ ಪ್ರಕಟಿಸಿವೆ. ಆರಂಭಕಾಲದ ಎರಡು ಕೋಶಗಳು ಪರ್ಮಾದ 11 ಮತ್ತು 12ನೆಯ ಸಂಚಿಕೆಗಳಾಗಿ 1995 ಮತ್ತು 1998ರಲ್ಲಿ ಬಂದವು. 2007ರ 17ನೆಯ ಸಂಚಿಕೆ ಇನ್ನೂ ಮುಖ್ಯವಾದದ್ದು, ಏಕೆಂದರೆ 'ದ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯಲ್ಲಿ ಬರುವ ಪದಗಳು ಮತ್ತು ವಾಕ್ಯಗಳ ಬಗ್ಗೆ ಲೇಖಕರೇ ಬರೆದುಕೊಂಡ ಟಿಪ್ಪಣಿಗಳು ಅದರಲ್ಲಿವೆ. ಕಾಲ, ಕರ್ತೃತ್ವ, ಆಳ ಎಂಬ ಮೂರೂ ಅಳತೆಗಳಲ್ಲಿ ಈ ಪತ್ರಿಕೆಗಳನ್ನು ಮೀರಿಸುವ ಆಕರ ಬೇರೆ ಇಲ್ಲ.

ಆದರೆ ಇವು ಹೊಸ ಓದುಗರಿಗೆ ತಕ್ಕವಲ್ಲ. ಒಂದು ಪುಟದಲ್ಲಿ ಕೊಟ್ಟ ವಿವರಣೆಯನ್ನು ಮುಂದಿನ ಪುಟದಲ್ಲಿ ಲೇಖಕರೇ ಅಡ್ಡಗೆರೆ ಎಳೆದು ಹೊಡೆದುಹಾಕಿರುತ್ತಾರೆ. ಈ ಬಗೆಯ ಟಿಪ್ಪಣಿಗಳ ರುಚಿ ಮೊದಲು ನೋಡಬೇಕೆನ್ನುವವರಿಗೆ 1996ರ 'ದ ಪೀಪಲ್ಸ್ ಆಫ್ ಮಿಡಲ್-ಅರ್ಥ್' ಸಂಪುಟದಲ್ಲಿರುವ 'ರೋಸ್' ಎಂಬ ಘಟಕದ ಕುರಿತ ಪ್ರಬಂಧ ಒಳ್ಳೆಯ ಪ್ರವೇಶದ್ವಾರ. ಎಲ್ರೋಸ್ ಎಂಬ ಹೆಸರಿನಲ್ಲಿರುವ 'ರೋಸ್' ಎಂದರೆ ನೊರೆ, ಅದು ಎಲ್ಫ್ ಪದವೇ ಅಲ್ಲ, ಮನುಷ್ಯರ ಒಂದು ಕುಲದ ಭಾಷೆಯಿಂದ ಬಂದದ್ದು ಎಂದು ಟೋಲ್ಕಿನ್ ಅಲ್ಲಿ ದೀರ್ಘವಾಗಿ ವಾದಿಸುತ್ತಾರೆ. ಆಮೇಲೆ ನೆನಪಾಗುತ್ತದೆ, ಕಾದಂಬರಿಯ ಅನುಬಂಧದಲ್ಲಿ ಕೈರ್ ಅಂಡ್ರೋಸ್ ಎಂಬ ಹೆಸರನ್ನು ಉದ್ದ ನೊರೆಯ ಹಡಗು ಎಂಬ ಸಿಂದಾರಿನ್ ಪದವಾಗಿ ತಾವೇ ಬಿಡಿಸಿಬಿಟ್ಟಿದ್ದೇವೆ ಎಂದು. ಇದರಲ್ಲಿ ಹೆಚ್ಚಿನದು ನಿಲ್ಲುವುದಿಲ್ಲ ಎಂಬರ್ಥದ ಷರಾವನ್ನು ಆ ಹಾಳೆಗಳ ಮೇಲೆ ಬರೆದು ಅವರು ಸೋಲೊಪ್ಪಿಕೊಂಡರು. ತಮ್ಮ ಜೀವಿತಕಾಲದಲ್ಲಿ ಅಚ್ಚಾದ ಮಾತಿಗೆ ಅವರು ಬದ್ಧರು, ಅಚ್ಚಾಗದ ಟಿಪ್ಪಣಿಯನ್ನು ಎಷ್ಟು ಸಲ ಬೇಕಾದರೂ ಬದಲಿಸಬಲ್ಲರು. ಯಾವ ಆಕರಕ್ಕೆ ಎಷ್ಟು ತೂಕ ಕೊಡಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಸಿಕ್ಕಿಲ್ಲ.

ಬೆಲೆಯ ಲೆಕ್ಕದಲ್ಲಿ ಈ ಪತ್ರಿಕೆಗಳು ದುಬಾರಿ. ಅಂಗಡಿಗಳಲ್ಲಿ ಸಿಗದೆ ಹೊರದೇಶದಿಂದ ತರಿಸಿಕೊಳ್ಳಬೇಕಾದ್ದರಿಂದ ಅಂಚೆವೆಚ್ಚವನ್ನೂ ಸೇರಿಸಿಕೊಂಡೇ ಯೋಚಿಸಬೇಕಾಗುತ್ತದೆ.

ಪುಕ್ಕಟೆ ಜಾಲಕೋಶಗಳು

ಈ ಗುಂಪಿನಲ್ಲಿ ಗಂಭೀರವಾಗಿ ಪರಿಗಣಿಸಬೇಕಾದವು ಮೂರು. ಪಾಲ್ ಸ್ಟ್ರಾಕ್ ಕಟ್ಟಿರುವ 'ಎಲ್ಡಾಮೊ' ನಾನು ಹೇಳಿದ ಮೊದಲ ಮಾನದಂಡವನ್ನೇ ತನ್ನ ಅಡಿಪಾಯವಾಗಿಟ್ಟುಕೊಂಡ ಕೋಶ. ಅಲ್ಲಿ 1930ರವರೆಗಿನದು ಆದಿಕಾಲ, 1930ರಿಂದ 1950ರವರೆಗಿನದು ಮಧ್ಯಕಾಲ, 1950ರ ನಂತರದ್ದು ಅಂತ್ಯಕಾಲ ಎಂದು ಪದಗಳನ್ನು ವಿಂಗಡಿಸಿ, ಪ್ರತಿ ರೂಪವೂ ಯಾವ ಪುಸ್ತಕದ ಯಾವ ಪುಟದಲ್ಲಿದೆ ಎಂದು ತೋರಿಸಲಾಗಿದೆ. ಅಭಿಮಾನಿಗಳು ಕಟ್ಟಿದ ಪದಗಳಿಗೂ ಹಳೆಯ ರೂಪದಿಂದ ಹೊಂದಿಸಿಕೊಂಡ ಪದಗಳಿಗೂ ಬೇರೆ ಬೇರೆ ಚಿಹ್ನೆಗಳಿವೆ. ಧಾತುವಿನಿಂದ ಪದದವರೆಗೆ ಧ್ವನಿ ಹೇಗೆ ಹೆಜ್ಜೆಹೆಜ್ಜೆಯಾಗಿ ಬದಲಾಯಿತೆಂಬ ವಿವರವೂ ಸಿಗುತ್ತದೆ. ಇದರ ತೊಡಕೆಂದರೆ ಮಾಹಿತಿಯ ದಟ್ಟಣೆ. ಮೊದಲ ಸಲ ತೆರೆದವರಿಗೆ ಚಿಹ್ನೆಗಳ ಕಾಡಿನಲ್ಲಿ ದಾರಿ ತಪ್ಪಿದಂತಾಗುತ್ತದೆ. ಚಿಹ್ನೆಗಳ ವಿವರಣೆಯ ಪುಟವನ್ನು ಓದದೆ ಈ ಕೋಶವನ್ನು ಬಳಸುವುದರಲ್ಲಿ ಅರ್ಥವಿಲ್ಲ.

'ಪಾರ್ಫ್ ಎಧೆಲ್ಲೆನ್' ಬಳಸಲು ಬಹಳ ಸುಲಭ. ಅದು ಎಲ್ಡಾಮೊ ಸೇರಿದಂತೆ ಹಲವು ಪದಪಟ್ಟಿಗಳನ್ನು ಒಟ್ಟಿಗೆ ಹುಡುಕಿಕೊಡುತ್ತದೆ. ಇಂಗ್ಲಿಷ್ ಪದ ಹಾಕಿದರೂ ಎಲ್ಫ್ ಪದ ಹಾಕಿದರೂ ಫಲಿತಾಂಶ ಬರುತ್ತದೆ. ತಾಣದ ಹೆಸರೇ ಒಂದು ಪಾಠ: ಪುಸ್ತಕ ಎಂಬುದು ಕ್ವೆನ್ಯಾದಲ್ಲಿ 'ಪರ್ಮಾ', ಅದರ ಸಿಂದಾರಿನ್ ಜೋಡಿ 'ಪಾರ್ಫ್', ಎರಡಕ್ಕೂ ಜೋಡಿಸು ಎಂಬರ್ಥದ 'ಪರ್' ಧಾತುವೇ ಬೇರು. ಬೇರೆ ಬೇರೆ ಕಾಲದ ಪಟ್ಟಿಗಳು ಒಂದೇ ಪುಟದಲ್ಲಿ ಬರುವುದರಿಂದ, ಪ್ರತಿ ನಮೂದಿನ ಜೊತೆಗಿರುವ ಆಕರದ ಹೆಸರನ್ನು ನೋಡದೆ ಮೊದಲ ಫಲಿತಾಂಶವನ್ನೇ ಎತ್ತಿಕೊಳ್ಳುವ ಚಪಲ ಇಲ್ಲಿ ಹೆಚ್ಚು. ಮೂರನೆಯದು ನಾರ್ವೆಯ ಹೆಲ್ಗೆ ಫೌಸ್ಕಾಂಗರ್ ಅವರ 'ಅರ್ದಾಲಂಬಿಯೊನ್'. ಒಂದು ಇಡೀ ತಲೆಮಾರು ಕ್ವೆನ್ಯಾ ಕಲಿತದ್ದು ಅಲ್ಲಿನ ಪಾಠಗಳಿಂದ, ಮತ್ತು ಪ್ರತಿ ಭಾಷೆಯ ಮೇಲಿನ ಲೇಖನಗಳು ಈಗಲೂ ಓದಿಸಿಕೊಂಡು ಹೋಗುತ್ತವೆ. ಪದಮೂಲದ ಇತ್ತೀಚಿನ ತಿಳಿವಳಿಕೆಗೆ ಮಾತ್ರ ಎಲ್ಡಾಮೊ ಕಡೆಗೇ ಹೋಗಬೇಕು.

ನಿಮ್ಮ ಹೆಸರನ್ನು ಹಾಕಿ, ಎಲ್ಫ್ ಹೆಸರು ಪಡೆಯಿರಿ ಎನ್ನುವ ತಾಣಗಳನ್ನು ಈ ಸಾಲಿಗೆ ಸೇರಿಸಲಾರೆ. 2001ರಿಂದ 2003ರವರೆಗೆ ಬಂದ ಚಲನಚಿತ್ರಗಳ ಸಂಭಾಷಣೆಗಳಲ್ಲಿಯೂ ಡೇವಿಡ್ ಸಾಲೊ ಹೊಸದಾಗಿ ಕಟ್ಟಿದ ವಾಕ್ಯಗಳಿವೆ. ಅವು ಶ್ರದ್ಧೆಯಿಂದ ಮಾಡಿದವು ನಿಜ, ಆದರೆ ಟೋಲ್ಕಿನ್ ಬರೆದವಲ್ಲ. ಹಳೆಯ ಪುಸ್ತಕದಂಗಡಿಗಳಲ್ಲಿ 1970ರ ದಶಕದ ಎಲ್ಫ್ ಭಾಷಾ ಪರಿಚಯಗಳು ಕಡಿಮೆ ಬೆಲೆಗೆ ಕಣ್ಣಿಗೆ ಬೀಳಬಹುದು. ಧಾತುಕೋಶ ಬೆಳಕಿಗೆ ಬರುವ ಮೊದಲೇ ಬರೆದ ಅವನ್ನು ಸಂಗ್ರಹಕ್ಕಾಗಿ ಕೊಳ್ಳಬಹುದು, ಪದಮೂಲಕ್ಕಾಗಿ ಬೇಡ.

ಹೊರಗಿನ ಮೂಲಕ್ಕೆ ಪತ್ರಸಂಪುಟ

ಪದವನ್ನು ಟೋಲ್ಕಿನ್ ನಮ್ಮ ಲೋಕದ ಎಲ್ಲಿಂದ ತಂದರು ಎಂಬ ಪ್ರಶ್ನೆಗೆ ಮೇಲಿನ ಕೋಶಗಳಿಗಿಂತ ಅವರ ಪತ್ರಗಳ ಸಂಪುಟ ಹೆಚ್ಚು ಉತ್ತರ ಕೊಡುತ್ತದೆ. ಅದು 1981ರಲ್ಲಿ ಬಂತು, 2023ರಲ್ಲಿ ವಿಸ್ತೃತ ಆವೃತ್ತಿ ಬಂದಿದೆ. ಎಅರೆಂದಿಲ್ ಎಂಬ ಹೆಸರು ಹಳೆಯ ಇಂಗ್ಲಿಷ್ ಕಾವ್ಯವೊಂದರಲ್ಲಿ ಅವರ ಕಣ್ಣಿಗೆ ಬಿದ್ದದ್ದು; ಅದರ ಚೆಲುವಿಗೆ ಮನಸೋತು ಅದನ್ನು ಉಳಿಸಿಕೊಂಡ ಮೇಲೆ, ಕ್ವೆನ್ಯಾದಲ್ಲಿ ಕಡಲು ಎಂಬ ಅರ್ಥದ ಧಾತು ಮತ್ತು ಪ್ರೀತಿಸುವವನು ಎಂಬ ಅರ್ಥದ 'ನ್ದಿಲ್' ಸೇರಿ ಕಡಲಪ್ರೇಮಿ ಎಂದಾಗುವಂತೆ ಭಾಷೆಯನ್ನೇ ಅದಕ್ಕೆ ಹೊಂದಿಸಿದರು. ಇಲ್ಲಿ ಹೆಸರು ಮೊದಲು, ಧಾತು ಆಮೇಲೆ. ಮೋರಿಯಾದ ಕಥೆ ಬೇರೆ. ಕಪ್ಪು ಎಂಬ 'ಮೊರ್', ಕಂದರ ಎಂಬ 'ಇಆ' ಸೇರಿ ಆದ ಆ ಹೆಸರಿಗೆ ಬೈಬಲಿನ ಮೋರಿಯಾದೊಂದಿಗೆ ಯಾವ ಸಂಬಂಧವೂ ಇಲ್ಲವೆಂದು ಅವರು ಬರೆದಿದ್ದಾರೆ, ಧ್ವನಿಗೆ ಮಾತ್ರ ಒಂದು ನಾರ್ವೇಜಿಯನ್ ಜನಪದ ಕಥೆಯ ಕೋಟೆಯ ಹೆಸರು ಪ್ರೇರಣೆ. ಜಾರು, ಬೀಳು ಎಂಬ ಅರ್ಥದ 'ತಲತ್' ಧಾತುವಿನಿಂದ ನಿಯಮದಂತೆ ಹುಟ್ಟಿದ ರೂಪವು ಅಟ್ಲಾಂಟಿಸ್ ಎಂಬ ಹೆಸರನ್ನು ಹೋಲಿದ್ದು ಕೇವಲ ಆಕಸ್ಮಿಕವೆಂದೂ ಅವರೇ ಹೇಳಿಕೊಂಡಿದ್ದಾರೆ. ಹೋಲುವ ಧ್ವನಿಯನ್ನು ಕಂಡ ತಕ್ಷಣ ಮೂಲವೆಂದು ಘೋಷಿಸುವ ಬರಹಗಳ ನಡುವೆ ಈ ಸಂಪುಟ ಒಳ್ಳೆಯ ಕಡಿವಾಣ. ಆದರೆ ಇದು ಕೋಶವಲ್ಲ. ಬೇಕಾದ ಪದವನ್ನು ಪದಸೂಚಿಯ ನೆರವಿನಿಂದ ಹುಡುಕಿಕೊಳ್ಳಬೇಕು, ಹೆಚ್ಚಿನ ಪದಗಳು ಅಲ್ಲಿ ಇರುವುದೇ ಇಲ್ಲ.

ಯಾರಿಗೆ ಯಾವುದು

ಹಣ ಖರ್ಚು ಮಾಡಲು ಇಷ್ಟವಿಲ್ಲದ, ಆದರೆ ಸರಿಯಾದ ಉತ್ತರ ಬೇಕೆನ್ನುವ ಓದುಗರು ಪಾರ್ಫ್ ಎಧೆಲ್ಲೆನ್‌ನಲ್ಲಿ ಪದವನ್ನು ಹುಡುಕಿ, ಸಿಕ್ಕಿದ್ದನ್ನು ಎಲ್ಡಾಮೊದಲ್ಲಿ ಕಾಲದೊಂದಿಗೆ ತಾಳೆ ನೋಡಬೇಕು. ಸಾಮಾನ್ಯ ಬಳಕೆಗೆ ಈ ಜೋಡಿಯೇ ಸಾಕು.

ಮಗುವಿಗೆ, ಮನೆಗೆ ಹೆಸರಿಡಲು ಅಥವಾ ಮೈಮೇಲೆ ಹಚ್ಚೆ ಹಾಕಿಸಿಕೊಳ್ಳಲು ಪದ ಬೇಕಾದವರು ಹೆಚ್ಚು ಕಟ್ಟುನಿಟ್ಟಾಗಿರಬೇಕು, ಏಕೆಂದರೆ ಅವು ಸುಲಭವಾಗಿ ಬದಲಿಸುವಂಥವಲ್ಲ. ಟೋಲ್ಕಿನ್ ಬದುಕಿದ್ದಾಗ ಅಚ್ಚಾದ ಪದಗಳಿಗೆ ಮೊದಲ ಆದ್ಯತೆ ಕೊಟ್ಟು, ನಕ್ಷತ್ರ ಎಂಬ 'ಎಲೆನ್', ಗೆಳೆಯ ಎಂಬ 'ಮೆಲ್ಲೊನ್' ಮುಂತಾದ ತಕರಾರಿಲ್ಲದವುಗಳನ್ನು ಆರಿಸುವುದು ಲೇಸು. ಎಲ್ಡಾಮೊದಲ್ಲಿ ಅಭಿಮಾನಿಗಳ ರಚನೆ ಎಂಬ ಚಿಹ್ನೆ ಇರುವ ಪದ ಎಷ್ಟೇ ಚೆನ್ನಾಗಿ ಕೇಳಿಸಿದರೂ ಈ ಉದ್ದೇಶಕ್ಕೆ ಬೇಡವೆಂದೇ ಹೇಳುತ್ತೇನೆ.

ಕ್ವೆನ್ಯಾದಲ್ಲಿ ಕವಿತೆ ಬರೆಯಲು ಅಥವಾ ಅನುವಾದಿಸಲು ಹೊರಟವರ ಸ್ಥಿತಿ ಇದಕ್ಕೆ ತಿರುಗಾಮುರುಗಾ. ದಿನಬಳಕೆಯ ಎಷ್ಟೋ ವಸ್ತುಗಳಿಗೆ ಟೋಲ್ಕಿನ್ ಪದ ಬಿಟ್ಟುಹೋಗಿಲ್ಲವಾದ್ದರಿಂದ ಹಳೆಯ ಪದಗಳನ್ನು ಹೊಂದಿಸಿಕೊಳ್ಳದೆ, ಹೊಸದನ್ನು ಕಟ್ಟದೆ ಅವರಿಗೆ ಗತಿಯಿಲ್ಲ. ಅವರಿಗೆ ಎಲ್ಡಾಮೊದ ಹೊಸ ಪದಗಳ ವಿಭಾಗ ಬೇಕೇಬೇಕು. ಪ್ರಯೋಗಗಳ ಮಾದರಿಗೆ 1967ರ 'ದ ರೋಡ್ ಗೋಸ್ ಎವರ್ ಆನ್' ನೋಡಬಹುದು. ಎರಡು ಎಲ್ಫ್ ಗೀತೆಗಳಿಗೆ ಟೋಲ್ಕಿನ್ ತಾವೇ ಬರೆದು ತಾವೇ ಅಚ್ಚು ಹಾಕಿಸಿದ ಪದಪದದ ಟಿಪ್ಪಣಿಗಳು ಅದರಲ್ಲಿವೆ, ಹಾಗಾಗಿ ಅದರ ತೂಕ ಅಪ್ರಕಟಿತ ಹಾಳೆಗಳಿಗಿಂತ ಹೆಚ್ಚು.

ಭಾಷಾವಿಜ್ಞಾನದ ಆಸಕ್ತಿಯಿಂದ ಬರುವವರು 'ದ ಲಾಸ್ಟ್ ರೋಡ್' ಸಂಪುಟವನ್ನು ಕೊಂಡು, ಅದರ ಧಾತುಗಳನ್ನು ಎಲ್ಡಾಮೊದೊಂದಿಗೆ ಹೋಲಿಸುತ್ತ ಓದುವುದು ಮಿತವ್ಯಯದ ದಾರಿ. ತಿದ್ದುಪಡಿಯ ಎರಡು ಸಂಚಿಕೆಗಳ ಸಾರವೂ ಎಲ್ಡಾಮೊದ ನಮೂದುಗಳಲ್ಲಿ ಸೇರಿರುವುದರಿಂದ ಅವನ್ನು ಕೂಡಲೇ ತರಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಇನ್ನೂ ಮುಂದೆ ಹೋಗುವ ಮನಸ್ಸಿದ್ದರೆ ಪರ್ಮಾದ ಸಂಚಿಕೆಗಳನ್ನು ಒಂದೊಂದಾಗಿ ತರಿಸಿಕೊಳ್ಳಬಹುದು. ಹಾಗೆ ಮಾಡುವವರು 1915ರ ಕೋಶವಿರುವ 12ನೆಯದರಿಂದ ಕಾಲಾನುಕ್ರಮವಾಗಿ ಆರಂಭಿಸುವುದಕ್ಕಿಂತ, ಕಾದಂಬರಿಯ ಪರಿಚಿತ ಪದಗಳನ್ನೇ ಚರ್ಚಿಸುವ 17ನೆಯದನ್ನು ಮೊದಲು ಓದಿ, ಅದರ ವಿವರಣೆಗಳು ಎಲ್ಲಿ ಹಳೆಯ ಧಾತುಗಳಿಂದ ಬೇರೆಯಾಗುತ್ತವೆಯೋ ಅಲ್ಲಿಂದ ಹಿಂದಕ್ಕೆ ಹೋಗುವುದು ಹೆಚ್ಚು ಫಲಕಾರಿ.